ಗಾಳಿಗೆ ಅಲುಗದ ಪಕ್ಕೆಗಳು

"ಬಾಗಿಲು ಮುಚ್ಕೊಂಡು ಇಂಜಿನ್ ಸ್ಟಾರ್ಟ್ ಮಾಡೋದಾ?" ಎಲ್ಲರೂ ಹದ್ದು ಎಂದು ಕರೆಯುತ್ತಿದ್ದವನು ಬಲಗೈಗೆ ಕೈಗವಸನ್ನು ಅರ್ಧ ಹಾಕಿಕೊಂಡು ಅಲ್ಲಿಗೇ ನಿಲ್ಲಿಸಿದ. "ಮೇಡಂ, ಅವನು ಸತ್ತಿದ್ದೇ ಹಾಗೆ."

"ಅದಕ್ಕೇ ಕೇಳ್ತಿರೋದು," ಎಂದಳು ಇನ್‌ಸ್ಪೆಕ್ಟರ್. "ಅರ್ಧ ನಿಮಿಷ ಸಾಕು. ಅಷ್ಟಕ್ಕೆ ಯಾರೂ ಸಾಯಲ್ಲ."

"ಸತ್ರೆ?"

"ನಿಮ್ಮ ಮೇಲೆ ಕೇಸ್ ಹಾಕೋಕೆ ನಾನಿರಲ್ಲ. ನಿಮಗೆ ಲಾಭವೇ."

ಮೂಲೆಯಲ್ಲಿದ್ದ ಕಾನ್‌ಸ್ಟೇಬಲ್ ನಗಲು ಬಾಯಿ ತೆರೆದ. ಆ ಕೋಣೆಯಲ್ಲಿ ತಾನೂ ಇರಬೇಕಾಗುತ್ತದೆ ಎಂಬುದು ನೆನಪಾಗಿ ಬಾಯಿ ಮುಚ್ಚಿದ.

ಹಲ್ಲಿನ ಸೆಟ್ ಮಾಡಿ ಬದುಕುತ್ತಿದ್ದ, ಬಿಡುವಿದ್ದಾಗಲೆಲ್ಲ ರಿಮೋಟಿನಿಂದ ಹಾರುವ ಮಾದರಿ ವಿಮಾನ ಕಟ್ಟುತ್ತಿದ್ದ, ಹಲ್ಲಿನ ಮೇಷ್ಟ್ರು ಎಂದೇ ಎಲ್ಲರೂ ಕರೆಯುತ್ತಿದ್ದವನು ಹೋದ ವಾರ ಇದೇ ಕೋಣೆಯಲ್ಲಿ ಪೆಟ್ರೋಲ್ ಇಂಜಿನ್ನಿನ ಹೊಗೆ ಕುಡಿದು ಸತ್ತಿದ್ದ; ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದ್ದವಳು ಅವನ ಹೆಂಡತಿ.

ಅವಳು ಅದನ್ನು ಮುಚ್ಚಿಟ್ಟಿರಲಿಲ್ಲ. "ನಾನೇ ಹಾಕಿದೆ, ನಾನೇ ಕೊಂದೆ," ಎಂದು ಮೊದಲ ದಿನವೇ ಹೇಳಿದ್ದಳು. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುವವಳು ಅವಳು. ಗಾಜಿನ ಆಚೆ ನಿಂತವರಿಗೆ ಚಿಲ್ಲರೆ ಇಲ್ಲ ಎಂದು ಹೇಳುವ ಧಾಟಿಯಲ್ಲೇ ಅದನ್ನೂ ಹೇಳಿದ್ದಳು. ಇನ್‌ಸ್ಪೆಕ್ಟರಿನ ಮೇಲಿನ ಸಾಹೇಬರಿಗೆ ಅಷ್ಟೇ ಸಾಕಾಯಿತು. ಅಜಾಗರೂಕತೆಯಿಂದ ಸಾವು, ಇವತ್ತು ಸಂಜೆಯೊಳಗೆ ಬಂಧನ, ಫೈಲು ಮುಚ್ಚು.

ಇನ್‌ಸ್ಪೆಕ್ಟರ್ ಕೈಯಲ್ಲಿ ಸಂಜೆಯವರೆಗಿನ ಸಮಯವಿತ್ತು, ಮತ್ತು ಒಂದು ಫೋಟೋ.

ಶವ ಸಿಕ್ಕ ದಿನ ಇಲಾಖೆಯವರೇ ತೆಗೆದ ಫೋಟೋ ಅದು. ಮೇಷ್ಟ್ರು ಸ್ಟೂಲಿನ ಮೇಲೆ ಕೂತು ಉದ್ದನೆಯ ಮೇಜಿಗೆ ತಲೆ ಇಟ್ಟಿದ್ದಾನೆ. ಮೇಜಿನ ಕಿಟಕಿ ಕಡೆಯ ತುದಿಯಲ್ಲಿ ದಪ್ಪ ಹಲಗೆಗೆ ಬೋಲ್ಟ್ ಹಾಕಿ ಕೂರಿಸಿದ ಇಂಜಿನ್. ಅವನ ಕೆನ್ನೆಯ ಪಕ್ಕದಲ್ಲಿ, ಇಂಜಿನ್ನಿನ ಹಿಂದೆ, ಹೊಸ ವಿಮಾನದ ರೆಕ್ಕೆಯ ಪಕ್ಕೆಗಳು: ಹಗುರ ಮರದಲ್ಲಿ ಕೊರೆದ, ಮೀನಿನ ಆಕಾರದ ತೆಳು ತುಂಡುಗಳು. ದೊಡ್ಡದರಿಂದ ಚಿಕ್ಕದರವರೆಗೆ ಸಾಲಾಗಿ ನಿಂತಿವೆ. ಅಂಟು ಹಾಕಿಲ್ಲ, ಪಿನ್ ಚುಚ್ಚಿಲ್ಲ.

ಬೆಳಗಿನಿಂದ ಕಾನ್‌ಸ್ಟೇಬಲ್ ಆ ಫೋಟೋ ನೋಡಿಕೊಂಡು ಪಕ್ಕೆಗಳನ್ನು ಮೊದಲಿದ್ದ ಹಾಗೇ ಜೋಡಿಸಿದ್ದ. ಒಂದು ನಿಲ್ಲಿಸಿದರೆ ಇನ್ನೊಂದು ಮಲಗುತ್ತಿತ್ತು.

"ಮೇಡಂ, ಇದು ಮರವಾ ಕಾಗದವಾ? ನಾನೊಂದು ಸೀನು ಸೀನಿದ್ರೆ ಎಲ್ಲ ಮುಗೀತು."

"ಸೀನಬೇಡಿ."

"ಸೀನು ಕೇಳಿ ಬರುತ್ತಾ ಮೇಡಂ?"

ಕೋಣೆ ತುಂಬ ಬಿಳಿ ಪುಡಿ. ಹಲ್ಲಿನ ಅಚ್ಚು ತೆಗೆಯುವ ಪ್ಲಾಸ್ಟರ್. ಕಪಾಟಿನ ಮೂರು ಹಲಗೆಯ ಮೇಲೂ ಯಾರು ಯಾರದೋ ದವಡೆಗಳು ಬಾಯಿ ತೆರೆದುಕೊಂಡು ಕೂತಿದ್ದವು. ಒಂದೊಂದರ ಬುಡದಲ್ಲೂ ಒಂದೊಂದು ಹೆಸರಿನ ಚೀಟಿ. ಕೆಲಸದ ಉಳಿ, ಕೊರೆಯುವ ಸೂಜಿ, ಉಜ್ಜುವ ಚಕ್ರ ಎಲ್ಲ ಒಂದೇ ಡಬ್ಬಿಯಲ್ಲಿ. ಹಲ್ಲು ಉಜ್ಜಿದ ಚಕ್ರದಲ್ಲೇ ಅವನು ಇಂಜಿನ್ನಿನ ಭಾಗಗಳನ್ನೂ ಉಜ್ಜುತ್ತಿದ್ದ. ನೆಲದ ಮೂಲೆಯಲ್ಲಿ ಮರದ ಹೊಟ್ಟಿನ ಗುಡ್ಡೆ.

ಇನ್‌ಸ್ಪೆಕ್ಟರ್ ಇಂಜಿನ್ನಿನ ಮುಂದೆ ಬಗ್ಗಿ ನೋಡಿದಳು. ಎರಡು ಮುಷ್ಟಿ ಕೂಡಿಸಿದರೆ ಎಷ್ಟೋ ಅಷ್ಟು ಗಾತ್ರ. ಮೂತಿಗೆ ಮೊಳಕ್ಕಿಂತ ಉದ್ದದ ಮರದ ಪ್ರೊಪೆಲ್ಲರ್.

"ಇಷ್ಟೇನಾ?"

"ಇಷ್ಟೇ," ಎಂದ ಹದ್ದು.

"ಹೊಲಿಗೆ ಮಿಷನ್ನಿನ ಮೋಟರ್ ಇದ್ದ ಹಾಗಿದೆ."

ಹದ್ದಿನ ಮೀಸೆಯ ಕೆಳಗೆ ಒಂದು ಸಣ್ಣ ನಗು ಬಂದು ಹೋಯಿತು.

ಅವನು ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುವವನು. ಭಾನುವಾರ ಮಾತ್ರ ಹದ್ದು. ಮೇಷ್ಟ್ರು ಕಟ್ಟಿದ ವಿಮಾನಗಳನ್ನೆಲ್ಲ ಆಕಾಶಕ್ಕೆ ಏರಿಸಿ ಇಳಿಸುತ್ತಿದ್ದವನು ಇವನೇ. ಇನ್‌ಸ್ಪೆಕ್ಟರ್ ಸಂಶಯಪಟ್ಟವರಲ್ಲಿ ಮೊದಲನೆಯವನೂ ಇವನೇ.

"ಮೈದಾನದಲ್ಲಿ ನೀವಿಬ್ಬರೂ ಕೊರಳಪಟ್ಟಿ ಹಿಡ್ಕೊಂಡಿದ್ರಂತೆ."

"ಹಿಡ್ಕೊಂಡಿದ್ವಿ."

"ಯಾಕೆ?"

"ಈ ಸಲದ ದೊಡ್ಡ ವಿಮಾನ ತಾನೇ ಹಾರಿಸ್ತೀನಿ ಅಂದ. ಅವನಿಗೆ ಕಟ್ಟೋಕೆ ಬರುತ್ತೆ, ಹಾರಿಸೋಕೆ ಬರಲ್ಲ. ಒಂದು ವರ್ಷದ ಕೆಲಸ ಒಂದು ಕ್ಷಣಕ್ಕೆ ಮಣ್ಣಾಗುತ್ತೆ ಅಂದೆ. ನಿನಗೆ ಹೊಟ್ಟೆಕಿಚ್ಚು ಅಂದ."

"ಇತ್ತಾ?"

"ಇತ್ತು," ಎಂದ ಹದ್ದು. "ಅವನ ಕೈ ನೋಡಿದ್ರೆ ಯಾರಿಗಾದ್ರೂ ಹೊಟ್ಟೆಕಿಚ್ಚು ಬರ್ತಿತ್ತು. ಈ ಪಕ್ಕೆ ನೋಡಿ. ಬೆಳಕಿಗೆ ಹಿಡಿದ್ರೆ ಆಚೆ ಕಡೆ ಕಾಣುತ್ತೆ. ನನ್ನ ಕೈಯಲ್ಲಿ ಈ ಜನ್ಮಕ್ಕೆ ಆಗಲ್ಲ."

ಹೇಳುತ್ತಲೇ ಅವನ ಕೈ ಮೇಜಿನ ಮೇಲಿನ ಪಕ್ಕೆಗಳ ಸಾಲಿಗೆ ಹೋಯಿತು. ಒಂದೊಂದನ್ನೇ ಎತ್ತಿ ಅಂಗೈಯಲ್ಲಿ ಪೇರಿಸಿಕೊಳ್ಳತೊಡಗಿದ.

"ಏನ್ ಮಾಡ್ತಿದ್ದೀರಿ?"

"ಎತ್ತಿಡ್ತಿದ್ದೀನಿ. ಸ್ಟಾರ್ಟ್ ಮಾಡ್ಬೇಕಲ್ಲ."

"ಅಲ್ಲೇ ಇರ್ಲಿ. ಹೇಗಿತ್ತೋ ಹಾಗೆ ಇಡಿ."

ಹದ್ದು ಅವಳನ್ನು ನೋಡಿದ. ಅವಳ ಕೈಯಲ್ಲಿದ್ದ ಫೋಟೋ ನೋಡಿದ. ಏನೋ ಹೇಳಲು ಹೋಗಿ ತಡೆದುಕೊಂಡು, ಪಕ್ಕೆಗಳನ್ನು ಒಂದೊಂದಾಗಿ ಅವುಗಳ ಜಾಗಕ್ಕೆ ಇಟ್ಟ. "ನಿಮ್ಮಿಷ್ಟ," ಎಂದ. ಅವನ ದನಿ ಬದಲಾಗಿತ್ತು.

ಬಾಗಿಲ ಆಚೆ ಹಜಾರದಲ್ಲಿ ಮೇಷ್ಟ್ರ ಹೆಂಡತಿ ನಿಂತಿದ್ದಳು, ಪಕ್ಕದಲ್ಲಿ ಅವಳ ಮೈದುನ. ಮಹಡಿಯ ಮೇಲೆ ವಾಸ, ಅಣ್ಣನ ಜೊತೆಗೇ ಹಲ್ಲಿನ ಕೆಲಸ. ಅಣ್ಣ ಸತ್ತ ದಿನದಿಂದ ಠಾಣೆಗೆ ದಿನವೂ ಬಂದು ಅತ್ತಿಗೆಯ ಚಿಲಕದ ವಿಷಯ ನೆನಪಿಸುತ್ತಿದ್ದವನು.

"ನೀವಿಬ್ರೂ ಅಲ್ಲೇ ಇರಿ," ಎಂದು ಇನ್‌ಸ್ಪೆಕ್ಟರ್ ಬಾಗಿಲು ಮುಚ್ಚಿಕೊಂಡಳು. ಕಿಟಕಿಯನ್ನೂ ಮುಚ್ಚಿದಳು.

ಹದ್ದು ಕಣ್ಣಿಗೆ ಕನ್ನಡಕ ಹಾಕಿಕೊಂಡ. ಅಂಗಿಯ ತುದಿಯನ್ನು ಪ್ಯಾಂಟಿನೊಳಗೆ ಸೇರಿಸಿದ. ರಿಮೋಟನ್ನು ಕೊರಳಿಗೆ ನೇತುಹಾಕಿಕೊಂಡ.

"ಇಬ್ರೂ ಇಂಜಿನ್ನಿನ ಹಿಂದೆ ನಿಲ್ಲಿ. ಮುಂದೆ ಬೇಡ, ಪಕ್ಕಕ್ಕಂತೂ ಬೇಡವೇ ಬೇಡ. ಪ್ರೊಪೆಲ್ಲರ್ ಮುರಿದ್ರೆ ಪಕ್ಕಕ್ಕೇ ಹಾರೋದು."

ಅವನ ಎಡಗೈಯ ಎರಡು ಬೆರಳಿಗೆ ತುದಿ ಇರಲಿಲ್ಲ. ಕಾನ್‌ಸ್ಟೇಬಲ್ ಆಗಿನಿಂದ ಅದನ್ನೇ ನೋಡುತ್ತಿದ್ದ. "ಅದು..."

"ಇಂಥದ್ದೇ ಒಂದು ತಿಂತು. ತಿರುಗುವಾಗ ಕಣ್ಣಿಗೆ ಕಾಣಲ್ಲ. ಏನೂ ಇಲ್ಲ ಅನ್ಕೊಂಡು ಕೈ ಹೋಗುತ್ತೆ. ಅದಕ್ಕೇ ಈ ಮನೇಲಿ ಇಂಜಿನ್ ಶುರುವಾದ್ರೆ ಹೊರಗಿನಿಂದ ಚಿಲಕ ಹಾಕೋ ಪದ್ಧತಿ. ಮೇಷ್ಟ್ರ ಅಮ್ಮನಿಗೆ ಮರೆವು. ಸದ್ದು ಎಲ್ಲಿ ಬಂದ್ರೂ ಅಲ್ಲಿಗೆ ನಡೀತಾರೆ."

ಅವನು ಕೆಲಸಕ್ಕೆ ಇಳಿದ. ಎಣ್ಣೆ ಬೆರೆಸಿದ ಪೆಟ್ರೋಲನ್ನು ಟ್ಯಾಂಕಿಗೆ ತುಂಬಿದ. ಕಾರ್ಬುರೇಟರಿನ ಚೋಕ್ ಮುಚ್ಚಿದ. ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸುತ್ತ ತೆಳ್ಳನೆಯ ಪೈಪಿನಲ್ಲಿ ಪೆಟ್ರೋಲ್ ಹರಿದು ಬರುವುದನ್ನು ಕಾದ. ಕಿಡಿಯ ಸ್ವಿಚ್ ಹಾಕಿದ. ಆಮೇಲೆ ಪ್ರೊಪೆಲ್ಲರಿನ ಅಲಗನ್ನು ಬೆರಳಿನಿಂದ ಫಟ್ಟನೆ ತಳ್ಳಿ ಕೈ ಹಿಂದಕ್ಕೆ ಎಳೆದ. ಏನೂ ಆಗಲಿಲ್ಲ. ಮತ್ತೆ ತಳ್ಳಿದ.

ಇಂಜಿನ್ ಒಂದು ಸಲ ಕೆಮ್ಮಿತು.

"ಈಗ ಚೋಕ್ ತೆಗೀಬೇಕು. ಇಲ್ಲಿ ತೆಗೀದೆ ಇದ್ರೆ ಒಳಗೆ ಪೆಟ್ರೋಲ್ ತುಂಬಿ ಕೂತ್ಕೊಳ್ಳುತ್ತೆ, ಇವತ್ತು ಸ್ಟಾರ್ಟ್ ಆಗಲ್ಲ. ಇದೊಂದು ಗೊತ್ತಾಗೋಕೆ ನನಗೆ ಎಷ್ಟೋ ಭಾನುವಾರ ಹಿಡೀತು."

ಚೋಕ್ ತೆಗೆದು ಇನ್ನೊಮ್ಮೆ ತಳ್ಳಿದ.

ಪ್ರೊಪೆಲ್ಲರ್ ಮಾಯವಾಯಿತು.

ಅದು ಇದ್ದ ಜಾಗದಲ್ಲಿ ಗಾಜಿನ ತಟ್ಟೆಯಂಥ ಒಂದು ಹೊಳಪು ಮಾತ್ರ ಉಳಿಯಿತು. ಅದರಾಚೆ ಕಿಟಕಿಯ ಸರಳುಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಆ ಹೊಳಪಿನೊಳಗೆ ಕೈ ತೂರಿಸಿದರೆ ಏನೂ ಆಗುವುದಿಲ್ಲ ಎಂದು ಇನ್‌ಸ್ಪೆಕ್ಟರಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಒಂದು ಹೆಜ್ಜೆ ಹಿಂದೆ ಸರಿದಳು.

ಮೇಜಿನ ಮೇಲೆ ತೀರಾ ಚಿಕ್ಕ ಪಕ್ಕೆ ನಡುಗಿತು, ಬಾಲ ಎತ್ತಿತು, ಮಗುಚಿತು.

ಹದ್ದು ಇಂಜಿನ್ನಿನ ಹಿಂದೆ ಬಂದು ನಿಂತು ರಿಮೋಟಿನ ಕಡ್ಡಿಯನ್ನು ಹೆಬ್ಬೆರಳಿನಿಂದ ಮೇಲಕ್ಕೆ ನೂಕಿದ.

ಸದ್ದು ಕಿವಿಯಿಂದ ಒಳಗೆ ಬರಲಿಲ್ಲ. ಎದೆಗೂಡಿನಿಂದ ಬಂತು, ಹಲ್ಲಿನಿಂದ ಬಂತು. ಕಪಾಟಿನ ಮೇಲಿನ ಪ್ಲಾಸ್ಟರ್ ದವಡೆಗಳೆಲ್ಲ ಒಟ್ಟಿಗೆ ಕಟಕಟ ಕಡಿಯತೊಡಗಿದವು. ಅದೇ ಹೊತ್ತಿಗೆ ಪಕ್ಕೆಗಳ ಸಾಲಿಗೆ ಸಾಲೇ ಮೇಜು ಬಿಟ್ಟು ಎದ್ದಿತು. ಒಂದೇ ಒಂದು ಕ್ಷಣ ಅವು ದೊಡ್ಡದರಿಂದ ಚಿಕ್ಕದರವರೆಗೆ, ಇದ್ದ ಕ್ರಮದಲ್ಲೇ ಗಾಳಿಯಲ್ಲಿ ನಿಂತವು. ಇನ್ನೂ ಕಟ್ಟಿರದ ರೆಕ್ಕೆಯೊಂದು ಅವಳ ಕಣ್ಣೆದುರು ಹಾರಿತು. ನಂತರ ಹಿಂದಿನ ಗೋಡೆಗೆ ಬಡಿದು ಪುಡಿಯಾಯಿತು.

ಬಿಳಿ ಪುಡಿ ಎದ್ದಿತು. ಮೇಜಿನ ಉದ್ದಕ್ಕೂ ದಪ್ಪ ಹಗ್ಗದಂತೆ ನೆಟ್ಟಗೆ ಹರಿದು, ಗೋಡೆಗೆ ಹೊಡೆದು, ಮೇಲಕ್ಕೆ ಏರಿ, ಚಾವಣಿಗುಂಟ ವಾಪಸು ಬಂದು ಮತ್ತೆ ಪ್ರೊಪೆಲ್ಲರಿನ ಬಾಯಿಗೆ ಬಿತ್ತು. ಗಾಳಿಗೆ ಒಂದು ಆಕಾರವಿದೆ ಎಂಬುದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಈಗ ಅದು ಅವಳ ಮುಂದೆ ಸುತ್ತು ಹಾಕುತ್ತಿತ್ತು, ಹಗ್ಗ ಹೊಸೆಯುವ ಹಾಗೆ. ಕಾನ್‌ಸ್ಟೇಬಲ್ಲನ ಟೋಪಿ ಹೋಯಿತು. ಅವಳ ಕೈಯಲ್ಲಿದ್ದ ಫೋಟೋ ಹೋಯಿತು. ಎರಡು ಮುಷ್ಟಿಯಷ್ಟು ಕಬ್ಬಿಣ ಇಡೀ ಕೋಣೆಯನ್ನು ಹಿಡಿದು ಅಲ್ಲಾಡಿಸುತ್ತಿತ್ತು. ಹೆದರಬೇಕು ಎಂದು ಗೊತ್ತಿದ್ದೂ ಅವಳು ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತಳು.

ಹದ್ದು ಸ್ವಿಚ್ ಒತ್ತಿದ. ಸದ್ದು ಕತ್ತರಿಸಿದಂತೆ ನಿಂತಿತು. ಪ್ರೊಪೆಲ್ಲರ್ ಎಲ್ಲಿಂದಲೋ ವಾಪಸು ಬಂದು, ತೂಗಾಡಿ, ನಿಂತಿತು.

ಮೇಲಿನಿಂದ ಪುಡಿ ಇಳಿಯುತ್ತಿತ್ತು.

"ಅಮ್ಮಾ," ಎಂದ ಕಾನ್‌ಸ್ಟೇಬಲ್ ಸಣ್ಣ ದನಿ ತೆಗೆದು. ಹುಬ್ಬು, ಮೀಸೆ, ರೆಪ್ಪೆ ಎಲ್ಲ ಬೆಳ್ಳಗಾಗಿ ಅವನೂ ಕಪಾಟಿನ ಮೇಲಿಡುವ ಅಚ್ಚಿನಂತೆ ಕಾಣುತ್ತಿದ್ದ. "ಮೇಡಂ, ನಾನಿನ್ನು ಸೀನಬಹುದಾ?"

ಇನ್‌ಸ್ಪೆಕ್ಟರ್ ಕಿಟಕಿ ತೆರೆದಳು. ನೆಲಕ್ಕೆ ಬಗ್ಗಿ ಫೋಟೋ ಹುಡುಕಿ ಎತ್ತಿಕೊಂಡಳು. ಅದರಲ್ಲಿ ಪಕ್ಕೆಗಳು ಸಾಲು ತಪ್ಪದೆ ನಿಂತಿದ್ದವು.

"ಇದನ್ನ ಆಗಲೇ ಹೇಳೋಕೆ ಬಂದಿದ್ರಿ ಅಲ್ವಾ?"

"ಹೂಂ," ಎಂದ ಹದ್ದು. ಕನ್ನಡಕ ತೆಗೆದ. "ಮೇಡಂ, ಅವತ್ತು ಈ ಕೋಣೇಲಿ ಇಂಜಿನ್ ಓಡೇ ಇಲ್ಲ."

"ಓಡಿಲ್ಲ. ಆದ್ರೆ ಮನೆಯವರು ಸದ್ದು ಕೇಳಿದ್ದಾರೆ. ಮೇಷ್ಟ್ರ ರಕ್ತದಲ್ಲಿ ಹೊಗೆಯ ವಿಷ ಇತ್ತು."

"ಹಾಗಾದ್ರೆ ಹೊಗೆ ಎಲ್ಲಿಂದ..."

ಅವನು ಅಲ್ಲಿಗೇ ನಿಲ್ಲಿಸಿದ. ಅವಳು ನೋಡುತ್ತಿದ್ದ ಕಡೆ ಅವನೂ ನೋಡಿದ.

ಮೂಲೆಯಲ್ಲಿದ್ದ ಮರದ ಹೊಟ್ಟಿನ ಗುಡ್ಡೆ ಈಗ ಇರಲಿಲ್ಲ. ಅದನ್ನು ಗಾಳಿ ಇಡೀ ಕೋಣೆಗೆ ಹಂಚಿತ್ತು. ಗುಡ್ಡೆ ಇದ್ದ ಜಾಗದಲ್ಲಿ, ಗೋಡೆಯ ಬುಡದಲ್ಲಿ, ನೆಲ ತೊಳೆದ ನೀರು ಆಚೆ ಹೋಗುವ ಮೋರಿಯ ತೂತು. ಬಿಳಿ ಗೋಡೆಯಲ್ಲಿ ಅದರ ಬಾಯಿಗೆ ಮಾತ್ರ ಕಪ್ಪು ಅಂಚು.

ಹದ್ದು ಮಂಡಿಯೂರಿ ಎಡಗೈ ಬೆರಳಿನಿಂದ ಮುಟ್ಟಿದ. ಬೆರಳು ಜಿಡ್ಡಾಯಿತು. ಮೂಸಿ ನೋಡಿದ.

"ಸುಟ್ಟ ಎಣ್ಣೆ. ಪೆಟ್ರೋಲಿಗೆ ಬೆರೆಸಿದ ಎಣ್ಣೆ ಹೊಗೆ ಜೊತೆ ಹೀಗೇ ಉಗುಳುತ್ತೆ. ಯಾರೋ ಆಚೆಯಿಂದ ಪೈಪ್ ತೂರಿಸಿದ್ದಾರೆ."

"ಆಚೆ ಏನಿದೆ?"

"ಹಿತ್ತಲು. ಬಟ್ಟೆ ಒಗೆಯೋ ಕಲ್ಲು. ಆ ಕಲ್ಲಿನ ಮೇಲೆ ಹಲಗೆ ಸಮೇತ ಇಂಜಿನ್ ಇಟ್ಟು ಕಟ್ಟಿದ್ರೆ ಸಾಕು."

ಶವಪರೀಕ್ಷೆಯಲ್ಲಿ ಮೇಷ್ಟ್ರ ಹೊಟ್ಟೆಯಲ್ಲಿ ನಿದ್ದೆ ಮಾತ್ರೆ ಸಿಕ್ಕಿತ್ತು. ಅವನಿಗೆ ನಿದ್ದೆ ಬರುತ್ತಿರಲಿಲ್ಲ, ಮಾತ್ರೆ ನುಂಗುತ್ತಿದ್ದ ಎಂದು ಮನೆಯವರೆಲ್ಲ ಹೇಳಿದ್ದರಿಂದ ಯಾರೂ ಅದಕ್ಕೆ ತಲೆ ಕೆಡಿಸಿಕೊಂಡಿರಲಿಲ್ಲ. ಮೇಜಿಗೆ ತಲೆ ಇಟ್ಟು ಮಲಗಿದವನ ಕಾಲ ಬುಡಕ್ಕೆ ಹೊಗೆ ಬಂದಿತ್ತು. ಹಿತ್ತಲಲ್ಲಿ ಟ್ಯಾಂಕ್ ಖಾಲಿಯಾಗಿ ಇಂಜಿನ್ ತಾನಾಗಿ ನಿಂತ ಮೇಲೆ ಯಾರೋ ಚಿಲಕ ತೆಗೆದು, ಉಸಿರು ಹಿಡಿದು ಒಳಗೆ ಬಂದು, ಇಂಜಿನ್ನನ್ನು ಮೇಜಿನ ಮೇಲೆ ಕೂರಿಸಿ, ತೂತಿಗೆ ಹೊಟ್ಟು ಮುಚ್ಚಿ, ಮತ್ತೆ ಚಿಲಕ ಹಾಕಿ ಹೋಗಿದ್ದರು.

ಇನ್‌ಸ್ಪೆಕ್ಟರ್ ಬಾಗಿಲು ಎಳೆದಳು. ಅದು ಬರಲಿಲ್ಲ.

ಇನ್ನೊಮ್ಮೆ ಎಳೆದಳು. ಆಮೇಲೆ ತಟ್ಟಿದಳು. ಹೊರಗೆ ಚಿಲಕ ಸರಿದ ಸದ್ದಾಯಿತು.

"ಚಿಲಕ ಯಾಕೆ ಹಾಕಿದ್ರಿ? ನಾನು ಹೇಳಿರಲಿಲ್ಲವಲ್ಲ."

ಹೆಂಡತಿ ತನ್ನ ಕೈಯನ್ನೇ ನೋಡಿಕೊಂಡಳು. "ಹಾಕಿದ್ನಾ?"

"ಹಾಕಿದ್ರಿ."

"ಸದ್ದು ಬಂತು. ಕೈ ಹೋಗಿದೆ."

"ಇದನ್ನೇ ನಾನು ಮೊದಲಿಂದ ಬಡ್ಕೋತಿರೋದು," ಎಂದ ಮೈದುನ. "ಅತ್ತಿಗೆಗೆ ಒಳಗೆ ಇಣುಕಿ ನೋಡೋ ಅಭ್ಯಾಸವೇ ಇಲ್ಲ ಮೇಡಂ. ಬಸ್ ಹೊರಟಿತು, ಕಿಟಕಿ ಮುಚ್ಚು. ಅಷ್ಟೇ."

"ಇಣುಕಿದ್ರೆ ನಿಮ್ಮಣ್ಣ ಬೈತಿದ್ರು," ಎಂದಳು ಅವಳು, ಅವನ ಕಡೆ ತಿರುಗದೆ.

"ಅವತ್ತೂ ಇಣುಕಲಿಲ್ವಾ?" ಎಂದು ಇನ್‌ಸ್ಪೆಕ್ಟರ್ ಕೇಳಿದಳು.

"ಇಲ್ಲ. ಸದ್ದು ಶುರುವಾಯ್ತು, ಹಾಕಿದೆ. ಅತ್ತೆನ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋದೆ."

"ಸದ್ದು ಈ ಕೋಣೆಯಿಂದಲೇ ಬಂತು ಅಂತ ಹೇಗೆ ಗೊತ್ತು?"

"ಇಂಜಿನ್ ಇನ್ನೆಲ್ಲಿರುತ್ತೆ?" ಎಂದಳು ಅವಳು.

ಇಷ್ಟು ವರ್ಷದ ನೌಕರಿಯಲ್ಲಿ ಇನ್‌ಸ್ಪೆಕ್ಟರ್ ಚಾಕು ನೋಡಿದ್ದಳು, ಹಗ್ಗ ನೋಡಿದ್ದಳು, ವಿಷ ನೋಡಿದ್ದಳು. ಒಬ್ಬ ಹೆಂಗಸಿನ ಜಾಗ್ರತೆಯನ್ನೇ ಬೀಗ ಮಾಡಿಕೊಂಡದ್ದನ್ನು ನೋಡಿರಲಿಲ್ಲ. ಹಿತ್ತಲಲ್ಲಿ ನಿಂತು ಇಂಜಿನ್ ಹಚ್ಚಿದರೆ ಸಾಕು. ಮನೆಯೊಳಗೆ ಅವಳ ಕೈ ತಾನಾಗಿ ಮೇಲೆದ್ದು ಗಂಡನ ಬಾಗಿಲಿಗೆ ಚಿಲಕ ಹಾಕುತ್ತದೆ. ಅವಳನ್ನು ಕೇಳಬೇಕಿಲ್ಲ, ಒಪ್ಪಿಸಬೇಕಿಲ್ಲ. ಅವಳಿಗೆ ಗೊತ್ತಾಗಲೂ ಬೇಕಿಲ್ಲ.

"ಕೂತ್ಕೊಳ್ಳಿ," ಎಂದಳು.

"ನಿಂತೇ ಕೇಳ್ತೀನಿ."

"ಅವತ್ತು ಇಂಜಿನ್ ಇಲ್ಲಿ ಓಡಿಲ್ಲ. ಹಿತ್ತಲಲ್ಲಿ ಓಡಿದೆ. ಹೊಗೆ ಮೋರಿ ತೂತಿನಿಂದ ಬಂದಿದೆ. ನಿಮ್ಮ ಯಜಮಾನರಿಗೆ ಮಾತ್ರೆ ಕೊಟ್ಟು ಮಲಗಿಸಿದ್ರು ಅಂತ ಕಾಣುತ್ತೆ. ನೀವು ಚಿಲಕ ಹಾಕದೇ ಇದ್ದಿದ್ರೂ ಅವರು ಎದ್ದು ಬರ್ತಿರಲಿಲ್ಲ."

ಹೆಂಡತಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಒಂದು ವಾರದಿಂದ ಅವಳ ಮುಖದಲ್ಲಿ ಬಿಗಿದು ಕಟ್ಟಿದ್ದ ಏನೋ ಒಂದು ಸಡಿಲವಾಯಿತು. ಅವಳು ಅಳಲಿಲ್ಲ. ಬಹಳ ಹೊತ್ತು ಭಾರ ಹೊತ್ತವರು ಇಳಿಸಿದ ಮೇಲೆ ಮಾಡುವ ಹಾಗೆ ಭುಜ ಸರಿಮಾಡಿಕೊಂಡಳು.

"ಅಂದ್ರೆ ನನ್ನ ಕೈಯಿಂದ ಹೋಗಿಲ್ಲ ಅವರು."

"ಇಲ್ಲ."

"ಖಾತ್ರಿಯಾ?"

"ಖಾತ್ರಿ."

ಅವಳು ಹೊಸ್ತಿಲು ದಾಟಿ ಒಳಗೆ ಬಂದಳು. ಗೋಡೆ ನೋಡಿದಳು, ನೆಲ ನೋಡಿದಳು, ಚಾವಣಿಗೆ ಅಂಟಿಕೊಂಡಿದ್ದ ಮರದ ಹೊಟ್ಟು ನೋಡಿದಳು. ಬೆಳ್ಳಗಾದ ಕಾನ್‌ಸ್ಟೇಬಲ್ಲನನ್ನು ನೋಡಿದಳು. ಕಾಲ ಬಳಿ ಬಿದ್ದಿದ್ದ ಮುರಿದ ಪಕ್ಕೆಯೊಂದನ್ನು ಎತ್ತಿಕೊಂಡಳು.

"ಇದೇನಿದು ಹೀಗಾಗಿದೆ? ನೀವು ಹುಡುಕಾಡಿದ್ರಾ?"

"ಇಲ್ಲ ಅಕ್ಕಾ," ಎಂದ ಕಾನ್‌ಸ್ಟೇಬಲ್. "ಇಂಜಿನ್ನಿನ ಗಾಳಿ."

"ಇಷ್ಟಾ?" ಅವಳ ಕಣ್ಣು ಅರಳಿತು. ಮೇಜಿನ ತುದಿಯಲ್ಲಿದ್ದ ಇಂಜಿನ್ನನ್ನು ಮೊದಲ ಸಲ ನೋಡುವಂತೆ ನೋಡಿದಳು. "ಇಷ್ಟು ಚಿಕ್ಕದಕ್ಕೆ ಇಷ್ಟು ಗಾಳಿ ಬರುತ್ತಾ? ಇಷ್ಟು ವರ್ಷ ಅವರು ಇದನ್ನ ಒಳಗೆ ಇಟ್ಕೊಂಡಿದ್ರಾ?"

"ನೀವು ಇದು ಓಡೋದನ್ನ ನೋಡೇ ಇಲ್ವಾ?" ಹದ್ದು ನಿಧಾನವಾಗಿ ಕೇಳಿದ.

"ಎಲ್ಲಿ ನೋಡೋದು? ನಾನು ಬಾಗಿಲ ಆಚೆ ಅಲ್ವಾ."

ಆಗ ಇನ್‌ಸ್ಪೆಕ್ಟರಿಗೆ ತಾನು ಏನು ಮಾಡಿದೆ ಎಂದು ಹೊಳೆಯಿತು.

ಪಕ್ಕೆಗಳನ್ನು ಕಂಡ ತಕ್ಷಣ ಎತ್ತಿಡಲು ಹದ್ದಿನ ಕೈ ಅತ್ತ ಹೋಗಿತ್ತು. ಈ ಗಾಳಿ ಗೊತ್ತಿದ್ದವರು ಯಾರೂ ಓಡಿದ ಇಂಜಿನ್ನಿನ ಹಿಂದೆ ಪಕ್ಕೆಗಳನ್ನು ಸಾಲಾಗಿ ಬಿಟ್ಟು ಹೋಗುವುದಿಲ್ಲ. ಇಂಜಿನ್ ಇಲ್ಲೇ ಓಡಿತು ಎಂದು ನಂಬಿಸಬೇಕಾದರೆ ಕೋಣೆಯನ್ನು ಚೆಲ್ಲಾಪಿಲ್ಲಿ ಮಾಡಿ ಹೋಗುತ್ತಾರೆ. ಇಂಜಿನ್ ತಂದಿಟ್ಟ ಕೈಗೆ ಅದು ಗೊತ್ತಿರಲಿಲ್ಲ. ಚಿಲಕದ ಪದ್ಧತಿ ಗೊತ್ತಿತ್ತು, ಗಾಳಿ ಗೊತ್ತಿರಲಿಲ್ಲ. ಈ ಮನೆಯಲ್ಲಿ ಅಂಥವರು ಯಾರು?

ಹಿತ್ತಲಲ್ಲಿ ಇಂಜಿನ್ ಓಡಲು ಬಿಟ್ಟು, ಹಜಾರಕ್ಕೆ ಬಂದು ಚಿಲಕ ಹಾಕಿ, ಅತ್ತೆಯನ್ನು ಕರೆದುಕೊಂಡು ಹೊರಟು, ವಾಪಸು ಬಂದು ಇಂಜಿನ್ನನ್ನು ಒಳಗಿಡುವುದು ಅವಳಿಗೆ ಕಷ್ಟವೇನಿರಲಿಲ್ಲ. ಒಗೆಯುವ ಕಲ್ಲು ಅವಳದೇ.

ಮೈದುನನ ಮುಖ ನೋಡಿದರೆ ಅವನೂ ಅದೇ ಲೆಕ್ಕ ಹಾಕುತ್ತಿದ್ದ ಹಾಗಿತ್ತು.

"ನನಗೆ ಗೊತ್ತು ಈ ಗಾಳಿ," ಎಂದ ಅವನು, ಯಾರೂ ಕೇಳದೆ. "ಅಣ್ಣನ ಜೊತೆ ಮೈದಾನಕ್ಕೆ ಹೋಗ್ತಿದ್ದೆ."

"ಹೋಗಿ ಮರದ ಕೆಳಗೆ ಮಲಗ್ತಿದ್ದೆ ನೀನು," ಎಂದ ಹದ್ದು.

"ಕಣ್ಣು ಬಿಟ್ಕೊಂಡೇ ಮಲಗ್ತಿದ್ದೆ."

"ಸಾಕು," ಎಂದಳು ಇನ್‌ಸ್ಪೆಕ್ಟರ್.

ಹದ್ದು ಅವಳ ಹತ್ತಿರ ಬಂದ. "ಮೇಡಂ, ನೀವು ಏನು ಯೋಚಿಸ್ತಿದ್ದೀರಿ ಗೊತ್ತು. ಅದು ಆಗಲ್ಲ. ಇವರಿಗೆ ಇದನ್ನ ಸ್ಟಾರ್ಟ್ ಮಾಡೋಕೆ ಬರಲ್ಲ. ನೋಡಿದ್ರಲ್ಲ, ಚೋಕ್ ಯಾವಾಗ ಮುಚ್ಚಬೇಕು, ಯಾವಾಗ ತೆಗೀಬೇಕು. ಕೆಮ್ಮಿದ ಮೇಲೂ ಮುಚ್ಚೇ ಇಟ್ರೆ ಕಥೆ ಮುಗೀತು. ಓಡೋದನ್ನೇ ನೋಡದವರು ಓಡಿಸೋದು ಹೇಗೆ?"

"ಸರಿ."

"ಸರಿ ಅಂದ್ರೆ?"

"ನೀವು ಹೇಳಿದ್ದು ಸರಿ. ಸ್ಟಾರ್ಟ್ ಮಾಡಿದವರಿಗೆ ಇಂಜಿನ್ ಚೆನ್ನಾಗಿ ಗೊತ್ತು. ಒಳಗೆ ತಂದಿಟ್ಟವರಿಗೆ ಏನೂ ಗೊತ್ತಿಲ್ಲ." ಅವಳು ಫೋಟೋವನ್ನು ಜೇಬಿಗೆ ಹಾಕಿಕೊಂಡಳು. "ಅಂದ್ರೆ ಒಂದೇ ಕೈ ಅಲ್ಲ. ಇಬ್ಬರು."

ಯಾರನ್ನೋ ಬಿಡಿಸಲು ಹೋಗಿ ತನ್ನನ್ನೇ ಕಟ್ಟಿಹಾಕಿಕೊಂಡದ್ದು ಹದ್ದಿಗೆ ಅರ್ಥವಾಗಿತ್ತು.

ಫೋನ್ ಬಡಿದುಕೊಂಡಿತು. ಸಾಹೇಬರು.

"ಏನಾಯ್ತಮ್ಮ ನಿನ್ನ ಗಾಳಿಪಟದ ಪ್ರಯೋಗ? ಕರ್ಕೊಂಡು ಬರ್ತಿದ್ದೀಯಾ ಆ ಹೆಂಗಸನ್ನ?"

"ಸರ್, ಇದು ಅಜಾಗರೂಕತೆ ಅಲ್ಲ. ಕೊಲೆ."

"ಸೆಕ್ಷನ್ ಬದಲಾಗುತ್ತೆ."

"ಗೊತ್ತು ಸರ್."

"ಜಾಮೀನು ಸಿಗಲ್ಲ."

"ಗೊತ್ತು."

"ಹಾಗಾದ್ರೆ ಹೇಳು. ಯಾರು?"

ಇನ್‌ಸ್ಪೆಕ್ಟರ್ ತಲೆ ಎತ್ತಿದಳು. ಬೆಳಗ್ಗೆ ಈ ಮನೆಗೆ ಬಂದಾಗ ಅವಳಿಗೆ ಒಂದೇ ಉದ್ದೇಶವಿತ್ತು: ಮಾಡದ ತಪ್ಪನ್ನು ಹೊತ್ತುಕೊಂಡ ಒಬ್ಬ ಹೆಂಗಸಿನ ತಲೆಯಿಂದ ಅದನ್ನು ಇಳಿಸುವುದು. ಇಳಿಸಿದ್ದಳು. ಅದರ ಜಾಗಕ್ಕೆ ಇಟ್ಟದ್ದು ಅದಕ್ಕಿಂತ ಭಾರದ್ದು.

ಹೆಂಡತಿ ಎದುರಿಗೇ ನಿಂತಿದ್ದಳು. ಫೋನಿನ ದನಿ ಆ ಸಣ್ಣ ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತ್ತು. ಅವಳು ಹತ್ತಿರ ಬಂದು, ಕೌಂಟರಿನ ಗಾಜಿನ ತೂತಿಗೆ ಬಗ್ಗುವ ಹಾಗೆ ಬಗ್ಗಿ, ಇನ್‌ಸ್ಪೆಕ್ಟರಿಗೆ ಮಾತ್ರ ಕೇಳುವಂತೆ ಮೆಲ್ಲಗೆ ಹೇಳಿದಳು.

"ನಾನೇ ಅಂತ ಹೇಳಿ ಮೇಡಂ."

"ಏನು?"

"ನಾನೇ ಅಂತ ಹೇಳಿ. ಹೇಳ್ತಾ ನನ್ನ ನೋಡಬೇಡಿ. ನನ್ನ ಹಿಂದಿರೋ ಇಬ್ಬರನ್ನ ನೋಡಿ. ಯಾರು ಉಸಿರು ಬಿಡ್ತಾರೆ ನೋಡಿ."

"ಯಾರಮ್ಮ?" ಸಾಹೇಬರ ದನಿ ಏರಿತು. "ಲೈನಲ್ಲಿದ್ದೀಯಾ?"

ಇನ್‌ಸ್ಪೆಕ್ಟರ್ ಅವಳ ಭುಜದ ಮೇಲಿನಿಂದ ಆಚೆ ನೋಡಿದಳು. ಇಂಜಿನ್ನಿನ ಪಕ್ಕದಲ್ಲಿ ಹದ್ದು, ಕೈಗವಸು ಇನ್ನೂ ಕೈಯಲ್ಲೇ. ಬಾಗಿಲ ಬಳಿ ಮೈದುನ, ಚಿಲಕದ ಮೇಲೆ ಕೈ. ಇಬ್ಬರೂ ಫೋನನ್ನೇ ನೋಡುತ್ತಿದ್ದರು.

"ಹೆಂಡತಿ, ಸರ್," ಎಂದಳು.

ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು.